ಎಂ ಕೊಟ್ಟು ಸಿ ವಾಪಸ್

ಸಿ.ವಿ. ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು. ಅದೇ ವರ್ಷದ ಸೆಪ್ಟೆಂಬರ್ 5ರಂದು ಸರ್ವಪಲ್ಲಿ ರಾಧಾಕೃಷ್ಣನ್ ಹುಟ್ಟಿದ್ದರು. ಒಬ್ಬರು ಬೆಂಗಳೂರಿನಲ್ಲಿ ನೆಲೆನಿಂತ ಭೌತವಿಜ್ಞಾನಿ, ಇನ್ನೊಬ್ಬರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ತತ್ತ್ವಜ್ಞಾನಿ. 1954ರಲ್ಲಿ ಭಾರತರತ್ನ ಕೊಡಲು ಶುರುವಾದಾಗ ಮೊದಲ ಪಟ್ಟಿಯಲ್ಲೇ ಇಬ್ಬರ ಹೆಸರೂ ಇತ್ತು. ಇಷ್ಟು ಹಲವರಿಗೆ ಗೊತ್ತು. ಇಬ್ಬರಿಗೂ ಇರುವ ಇನ್ನೊಂದು ಹೋಲಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ: ಅವರ ಜನ್ಮವರ್ಷವನ್ನು ರೋಮನ್ ಅಂಕಿಗಳಲ್ಲಿ ಬರೆಯಲು ಹದಿಮೂರು ಅಕ್ಷರ ಬೇಕು. ಎಂ-ಡಿ-ಸಿ-ಸಿ-ಸಿ-ಎಲ್-ಎಕ್ಸ್-ಎಕ್ಸ್-ಎಕ್ಸ್-ವಿ-ಐ-ಐ-ಐ. (ಈ ಅಧ್ಯಾಯದಲ್ಲಿ ರೋಮನ್ ಅಕ್ಷರಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದೆ.) ಈಗಿನ ನಿಯಮದ ಪ್ರಕಾರ ಬರೆದರೆ, ಕಳೆದುಹೋದ ಇಸವಿಗಳಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ.

ಹದಿನಾರು ವರ್ಷ ಮುಂದೆ ಬನ್ನಿ. 1904ರಲ್ಲಿ ಕುವೆಂಪು ಹುಟ್ಟುತ್ತಾರೆ. ಆ ಇಸವಿಗೆ ಐದೇ ಅಕ್ಷರ ಸಾಕು: ಎಂ-ಸಿ-ಎಂ-ಐ-ವಿ. ಇನ್ನು 2000ಕ್ಕೆ ಬಂದರೆ ಎರಡೇ ಅಕ್ಷರ, ಎಂ-ಎಂ.

ನಾವು ದಿನಾ ಬರೆಯುವ ಅಂಕಿಗಳಲ್ಲಿ 1888ಕ್ಕೂ ನಾಲ್ಕು ಗುರುತು, 1904ಕ್ಕೂ ನಾಲ್ಕು, 2000ಕ್ಕೂ ನಾಲ್ಕೇ. ರೋಮನ್ ಬರಹದಲ್ಲಿ ಮಾತ್ರ ಇಸವಿ ಒಮ್ಮೆ ರೈಲಿನ ಉದ್ದವಾಗುತ್ತದೆ, ಒಮ್ಮೆ ಎರಡಕ್ಷರಕ್ಕೆ ಮುದುಡುತ್ತದೆ. ದೊಡ್ಡ ಸಂಖ್ಯೆಗೆ ಚಿಕ್ಕ ಬರಹ, ಚಿಕ್ಕ ಸಂಖ್ಯೆಗೆ ದೊಡ್ಡ ಬರಹ! ಶಾಲೆಯಲ್ಲಿ ಒಂದರಿಂದ ನೂರರವರೆಗೆ ರೋಮನ್ ಅಂಕಿ ಬಾಯಿಪಾಠ ಮಾಡಿದವರಿಗೂ ಇದರ ಕಾರಣ ಕೇಳಿದರೆ ತಟ್ಟನೆ ಹೊಳೆಯುವುದಿಲ್ಲ.

ಹೂಡಿಯ ಪಿಜಿಗಳಲ್ಲಿ

ಬೆಂಗಳೂರಿನ ಪೂರ್ವದಂಚಿನ ಹೂಡಿಯಲ್ಲಿ ಈ ಪ್ರಶ್ನೆಗೆ ಹೊಟ್ಟೆಪಾಡಿನ ನಂಟೂ ಇದೆ. ಹೂಡಿ ಸರ್ಕಲ್‌ನಿಂದ ಐಟಿಪಿಎಲ್ ಟೆಕ್ ಪಾರ್ಕ್ ಕಡೆಗೆ ಹೋಗುವ ದಾರಿಯುದ್ದಕ್ಕೂ ಪಿಜಿಗಳ ಬೋರ್ಡುಗಳು. ಅಲ್ಲಿ ಕೆಲಸ ಹುಡುಕುತ್ತಿರುವ, ಅಥವಾ ಇರುವ ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರಲು ಹವಣಿಸುತ್ತಿರುವ ಎಂಜಿನಿಯರುಗಳು ಸಂದರ್ಶನಕ್ಕೆ ತಯಾರಾಗಲು ಲೀಟ್‌ಕೋಡ್ ಎಂಬ ಜಾಲತಾಣದ ಲೆಕ್ಕಗಳನ್ನು ಬಿಡಿಸುತ್ತಾರೆ. ಆ ತಾಣದ 12 ಮತ್ತು 13ನೇ ಸಮಸ್ಯೆಗಳು ಇಡೀ ಜಗತ್ತಿನ ಪ್ರೋಗ್ರಾಮರುಗಳಿಗೆ ಪರಿಚಿತ. 13ನೆಯದು: ರೋಮನ್ ಅಂಕಿ ಕೊಟ್ಟರೆ ಅದನ್ನು ಓದಿ ಸಂಖ್ಯೆ ಹೇಳುವ ಪ್ರೋಗ್ರಾಂ ಬರೆಯಿರಿ. 12ನೆಯದು ಅದರ ತಿರುವುಮುರುವು: ಸಂಖ್ಯೆ ಕೊಟ್ಟರೆ ರೋಮನ್ ಅಂಕಿ ಬರೆಯಿರಿ. ಓದುವುದಕ್ಕೆ ಆ ತಾಣ 'ಸುಲಭ' ಎಂಬ ಪಟ್ಟಿ ಕಟ್ಟಿದೆ, ಬರೆಯುವುದಕ್ಕೆ 'ಮಧ್ಯಮ'. ಓದುವುದಕ್ಕಿಂತ ಬರೆಯುವುದು ಒಂದು ಮೆಟ್ಟಿಲು ಕಷ್ಟ ಎಂಬ ಈ ತೀರ್ಪು ಸರಿಯಾಗಿಯೇ ಇದೆ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಪ್ರೋಗ್ರಾಂ ಬರೆಯದವರಿಗೂ ಈ ಅಕ್ಷರಗಳಿಂದ ಬಿಡುಗಡೆಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಫೇಸ್ ಒಂದು, ಎರಡು ಎನ್ನುವುದನ್ನು ವಿಳಾಸಗಳಲ್ಲಿ ಐ, ಐ-ಐ ಎಂದು ಬರೆಯುವುದುಂಟು. ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿರುವುದು ಐ-ಐ-ಐ ಎಂಬ ಭಾಗದಲ್ಲಿ. ಕನ್ನಡ ಪುಸ್ತಕಗಳ ಮುನ್ನುಡಿಯ ಪುಟಗಳಿಗೂ ಎಷ್ಟೋ ಸಲ ಸಣ್ಣಕ್ಷರದ ರೋಮನ್ ಅಂಕಿಯೇ. ಹೂಡಿಗೆ ಹತ್ತಿರದ ಕಾಡುಗೋಡಿಯಲ್ಲಿ ಸಿಕ್ಕ ಚೋಳರ ಕಾಲದ ಶಾಸನದ ಪಾಠ ಹುಡುಕುವವರು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಾಲಿನಲ್ಲಿ ಐ-ಎಕ್ಸ್ ಎಂದು ಬೆನ್ನಿನ ಮೇಲೆ ಬರೆದ ಸಂಪುಟ ತೆಗೆಯಬೇಕು. 1905ರಲ್ಲಿ ಹೊರಬಂದ ಬೆಂಗಳೂರು ಜಿಲ್ಲೆಯ ಸಂಪುಟ ಅದು.

ನೋಟುಗಳ ಲೆಕ್ಕ

ರೋಮನ್ ಬರಹದ ಗುಟ್ಟು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಯುಪಿಐ ಬರುವುದಕ್ಕೆ ಮುಂಚಿನ ಗಲ್ಲಾಪೆಟ್ಟಿಗೆ ನೆನಪಿಸಿಕೊಳ್ಳಿ. ಒಂದು ರೂಪಾಯಿ, ಐದು, ಹತ್ತು, ಐವತ್ತು, ನೂರು, ಐನೂರು, 2016ರ ನವೆಂಬರ್ 8ರ ರಾತ್ರಿಯವರೆಗೆ ಸಾವಿರದ ನೋಟೂ ಇತ್ತು. ರೋಮನ್ ಅಕ್ಷರಗಳ ಬೆಲೆ ಇದೇ: ಐ ಒಂದು, ವಿ ಐದು, ಎಕ್ಸ್ ಹತ್ತು, ಎಲ್ ಐವತ್ತು, ಸಿ ನೂರು, ಡಿ ಐನೂರು, ಎಂ ಸಾವಿರ. ನಮ್ಮ ಎರಡು, ಇಪ್ಪತ್ತು, ಇನ್ನೂರರ ನೋಟುಗಳನ್ನು ಪಕ್ಕಕ್ಕಿಟ್ಟರೆ ಎರಡೂ ಪಟ್ಟಿ ಒಂದಕ್ಕೊಂದು ತಾಳೆಯಾಗುತ್ತವೆ.

ನೋಟಿನ ಬೆಲೆ ನೋಟಿನ ಮೇಲೆಯೇ ಅಚ್ಚಾಗಿರುತ್ತದೆ. ನೂರರ ನೋಟನ್ನು ಕಟ್ಟಿನ ಮೇಲಿಟ್ಟರೂ ನೂರೇ, ಕೆಳಗಿಟ್ಟರೂ ನೂರೇ. ಸಿ ಅಕ್ಷರವೂ ಹಾಗೆ, ಎಲ್ಲಿ ನಿಂತರೂ ಅದರ ಮುಖಬೆಲೆ ಬದಲಾಗುವುದಿಲ್ಲ. ಇಂಥ ಬರಹಕ್ಕೆ 'ಕೂಡುಬರಹ' ಎನ್ನೋಣ. ಓದುವವರ ಕೆಲಸ ನೋಟು ಎಣಿಸಿ ಕೂಡುವುದಷ್ಟೆ.

ಹೂಡಿಯ ಪಕ್ಕದ ವೈಟ್‌ಫೀಲ್ಡ್ ಹುಟ್ಟಿದ ವರ್ಷವನ್ನು ಎಣಿಸಿ ನೋಡೋಣ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು, ಬೇಸಾಯ ಮಾಡಿಕೊಂಡು ಬಾಳುವ ಹಳ್ಳಿಗಳನ್ನು ಕಟ್ಟಿಕೊಳ್ಳಲಿ ಎಂದು. ಆ ಇಸವಿಗೆ ಸಾವಿರದ ನೋಟು ಒಂದು, ಐನೂರರದು ಒಂದು, ನೂರರವು ಮೂರು, ಐವತ್ತರದು ಒಂದು, ಹತ್ತರವು ಮೂರು, ಒಂದು ರೂಪಾಯಿಯವು ಎರಡು. ಎಣಿಸಿದರೆ ಹನ್ನೊಂದು. ಬರೆದರೂ ಹನ್ನೊಂದೇ: ಎಂ-ಡಿ-ಸಿ-ಸಿ-ಸಿ-ಎಲ್-ಎಕ್ಸ್-ಎಕ್ಸ್-ಎಕ್ಸ್-ಐ-ಐ. (ಅಂದಹಾಗೆ ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಆ ಮಹಾರಾಜರ ಹೆಸರಿನ ಮುಂದೆಯೂ ಒಂದು ಎಕ್ಸ್ ನಿಂತಿರುತ್ತದೆ, ಹತ್ತನೆಯವರು ಎಂಬ ಗುರುತಿಗೆ.)

ರಾಮನ್ ಅವರ ಹದಿಮೂರು ಅಕ್ಷರಗಳಿಗೆ ಕಾರಣವೂ ಇಷ್ಟೇ. ಎಂಟು ಎನ್ನುವುದು ಗಲ್ಲಾಪೆಟ್ಟಿಗೆಯ ಮಟ್ಟಿಗೆ ದುಬಾರಿ ಅಂಕಿ. ಎಂಟು ರೂಪಾಯಿಗೆ ಐದರದು ಒಂದು, ಒಂದರವು ಮೂರು, ಒಟ್ಟು ನಾಲ್ಕು ಬೇಕು. ಎಂಬತ್ತಕ್ಕೂ ನಾಲ್ಕು, ಎಂಟುನೂರಕ್ಕೂ ನಾಲ್ಕು. ಮೂರು ಎಂಟುಗಳಿಗೆ ಹನ್ನೆರಡು, ಮುಂದಿನ ಸಾವಿರಕ್ಕೆ ಒಂದು. ಸೊನ್ನೆಗೆ ಏನೂ ಖರ್ಚಿಲ್ಲ, ಕೊಡಬೇಕಾದದ್ದೇ ಇಲ್ಲದ ಮೇಲೆ ನೋಟೆಲ್ಲಿಯದು? 2000ದಲ್ಲಿ ಮೂರು ಸೊನ್ನೆ. ಆದ್ದರಿಂದ ಸಾವಿರದ ಎರಡು ನೋಟು ಇಟ್ಟರೆ ವ್ಯವಹಾರ ಮುಗಿಯಿತು.

ಅಂದರೆ ರೋಮನ್ ಬರಹದ ಉದ್ದಕ್ಕೂ ಸಂಖ್ಯೆಯ ಗಾತ್ರಕ್ಕೂ ನಂಟಿಲ್ಲ. ಒಂದೊಂದು ಅಂಕಿಗೆ ಎಷ್ಟು ನೋಟು ಬೀಳುತ್ತದೆ ಎನ್ನುವುದೇ ಉದ್ದವನ್ನು ತೀರ್ಮಾನಿಸುತ್ತದೆ.

ಚಿಲ್ಲರೆ ವಾಪಸ್

ಕೂಡುವುದೊಂದೇ ಆಗಿದ್ದರೆ ಒಂಬತ್ತು ಎಂಟಕ್ಕಿಂತ ದುಬಾರಿಯಾಗಬೇಕಿತ್ತು: ಐದರದು ಒಂದು, ಒಂದರವು ನಾಲ್ಕು. ಆದರೆ ಒಂಬತ್ತು ರೂಪಾಯಿ ಕೊಡಬೇಕಾದಾಗ ಯಾರೂ ಹಾಗೆ ಎಣಿಸಿ ಕೊಡುವುದಿಲ್ಲ. ಹತ್ತರ ನೋಟು ಕೊಟ್ಟು ಒಂದು ರೂಪಾಯಿ ವಾಪಸ್ ಕೇಳುತ್ತೇವೆ. ರೋಮನ್ ಬರಹವೂ ಇದನ್ನೇ ಮಾಡುತ್ತದೆ. ವಾಪಸ್ ಬರಬೇಕಾದ ಚಿಲ್ಲರೆಯನ್ನು ನೋಟಿನ ಎಡಗಡೆ ಬರೆಯುತ್ತದೆ. ಐ-ಎಕ್ಸ್ ಎಂದರೆ ಹತ್ತು ಕೊಟ್ಟು ಒಂದು ವಾಪಸ್. ಎಕ್ಸ್-ಸಿ ಎಂದರೆ ನೂರು ಕೊಟ್ಟು ಹತ್ತು ವಾಪಸ್, ತೊಂಬತ್ತು. ಸಿ-ಎಂ ಎಂದರೆ ಸಾವಿರ ಕೊಟ್ಟು ನೂರು ವಾಪಸ್, ಒಂಬೈನೂರು. ಕುವೆಂಪು ಅವರ ಇಸವಿ ಐದಕ್ಷರಕ್ಕೆ ಇಳಿದಿದ್ದು ಹೀಗೆ: ಎಂ ಸಾವಿರ, ಸಿ-ಎಂ ಒಂಬೈನೂರು, ನಡುವಿನ ಸೊನ್ನೆಗೆ ಏನೂ ಇಲ್ಲ, ಐ-ವಿ ನಾಲ್ಕು.

ಕಳೆದು ಹೇಳುವ ಚಟ ರೋಮನ್ನರೊಬ್ಬರದೇ ಅಲ್ಲ. ಸಂಸ್ಕೃತದಲ್ಲಿ ಹತ್ತೊಂಬತ್ತನ್ನು ಏಕೋನವಿಂಶತಿ ಎನ್ನುತ್ತಾರೆ, ಒಂದು ಕಡಿಮೆ ಇಪ್ಪತ್ತು. ಲ್ಯಾಟಿನ್ನಿನ ಹತ್ತೊಂಬತ್ತೂ ಅದೇ ಅಚ್ಚಿನದು. ಹದಿನೆಂಟನ್ನು ಸಹ ಲ್ಯಾಟಿನ್ನಿನಲ್ಲಿ ಎರಡು ಕಡಿಮೆ ಇಪ್ಪತ್ತು ಎಂದೇ ಹೇಳುತ್ತಾರೆ.

ಹಾಗಾದರೆ ಓದುವಾಗ ಯಾವ ಅಕ್ಷರವನ್ನು ಕೂಡಬೇಕು, ಯಾವುದನ್ನು ಕಳೆಯಬೇಕು? ಪಿಜಿಯ ಎಂಜಿನಿಯರು ಬರೆಯುವ ಪ್ರೋಗ್ರಾಂನ ಜೀವಾಳ ಒಂದೇ ಸಾಲಿನಷ್ಟಿದೆ. ಎಡದಿಂದ ಒಂದೊಂದೇ ಅಕ್ಷರ ನೋಡುತ್ತ ಹೋಗಿ. ಬಲಗಡೆಯ ನೆರೆಯವನು ನಿಮಗಿಂತ ದೊಡ್ಡವನಾದರೆ ಕಳೆಯಿರಿ, ಇಲ್ಲದಿದ್ದರೆ ಕೂಡಿ.

ಎಂ-ಸಿ-ಎಂ-ಎಕ್ಸ್-ಸಿ-ಐ-ವಿ ಎಂಬ ಇಸವಿಯ ಮೇಲೆ ಇದನ್ನು ಹರಿಸಿ ನೋಡೋಣ. ಮೊದಲ ಎಂ ಪಕ್ಕದಲ್ಲಿರುವುದು ಸಿ, ತನಗಿಂತ ಚಿಕ್ಕದು. ಕೂಡಿದರೆ 1000. ಸಿ ಪಕ್ಕದಲ್ಲಿ ಎಂ, ದೊಡ್ಡದು. ನೂರು ಕಳೆದರೆ 900. ಎರಡನೆಯ ಎಂ ಪಕ್ಕ ಎಕ್ಸ್, ಕೂಡಿದರೆ 1900. ಎಕ್ಸ್ ಪಕ್ಕ ಸಿ, ಹತ್ತು ಕಳೆದರೆ 1890. ಸಿ ಪಕ್ಕ ಐ, ಕೂಡಿದರೆ 1990. ಐ ಪಕ್ಕ ವಿ, ಒಂದು ಕಳೆದರೆ 1989. ಕೊನೆಯ ವಿ ಪಕ್ಕ ಯಾರೂ ಇಲ್ಲ, ಕೂಡಿದರೆ 1994. ಹೂಡಿಯ ನಸೀಬು ತಿರುಗಿಸಿದ ಐಟಿಪಿಎಲ್ ಟೆಕ್ ಪಾರ್ಕಿಗಾಗಿ ಭಾರತ ಮತ್ತು ಸಿಂಗಪುರ ಜಂಟಿ ಕಂಪನಿ ಕಟ್ಟಿದ ವರ್ಷವೂ ಅದೇ. ಲೀಟ್‌ಕೋಡ್ ತನ್ನ ಪ್ರಶ್ನೆಗೆ ಕೊಡುವ ಉದಾಹರಣೆಗಳಲ್ಲೂ ಇದೇ ಇಸವಿ ಇರುವುದು ಕಾಕತಾಳೀಯ.

1999ನ್ನು ಮೂರಕ್ಷರದಲ್ಲಿ ಮುಗಿಸಬಾರದೇ?

ಚುರುಕಾದ ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆ ಇದು. 1999 ಎಂದರೆ ಎರಡು ಸಾವಿರಕ್ಕೆ ಒಂದು ಕಡಿಮೆ. ಎಂ-ಐ-ಎಂ ಎಂದು ಬರೆದು ಕೈತೊಳೆದುಕೊಳ್ಳುವುದು ಬಿಟ್ಟು ಎಂ-ಸಿ-ಎಂ-ಎಕ್ಸ್-ಸಿ-ಐ-ಎಕ್ಸ್ ಎಂದು ಏಳಕ್ಷರ ಯಾಕೆ?

ಮೇಲಿನ ಓದುವ ನಿಯಮಕ್ಕೆ ಎಂ-ಐ-ಎಂ ಕೊಟ್ಟರೆ ಅದು ತಕರಾರೇ ಮಾಡುವುದಿಲ್ಲ. ಸಾವಿರ ಕೂಡುತ್ತದೆ, ಒಂದು ಕಳೆಯುತ್ತದೆ, ಸಾವಿರ ಕೂಡುತ್ತದೆ, 1999 ಎಂದು ಉತ್ತರ ಹೇಳುತ್ತದೆ. ಓದುವವನು ಉದಾರಿ. ಬರೆಯುವವನ ಮೇಲೆ ಮಾತ್ರ ಕಟ್ಟುಪಾಡು: ಚಿಲ್ಲರೆಯನ್ನು ಹತ್ತಿರದ ಎರಡು ನೋಟುಗಳಿಂದಷ್ಟೇ ವಾಪಸ್ ಪಡೆಯಬಹುದು. ಒಂದು ರೂಪಾಯಿ ವಾಪಸ್ ಬೇಕಿದ್ದರೆ ಐದು ಅಥವಾ ಹತ್ತರ ನೋಟು ಕೊಡಬೇಕು. ಹತ್ತು ವಾಪಸ್ ಬೇಕಿದ್ದರೆ ಐವತ್ತು ಅಥವಾ ನೂರು. ನೂರು ವಾಪಸ್ ಬೇಕಿದ್ದರೆ ಐನೂರು ಅಥವಾ ಸಾವಿರ. ಒಂದು ರೂಪಾಯಿ ಚಿಲ್ಲರೆಗಾಗಿ ಸಾವಿರದ ನೋಟು ಚಾಚುವಂತಿಲ್ಲ. ಐದು, ಐವತ್ತು, ಐನೂರು ಎಂದೂ ಚಿಲ್ಲರೆಯಾಗಿ ವಾಪಸ್ ಬರುವಂತಿಲ್ಲ.

ಇದರ ಪರಿಣಾಮ ಕುತೂಹಲದ್ದು. ಕಟ್ಟುಪಾಡು ಪಾಲಿಸಿದರೆ ಇಸವಿಯ ಸಾವಿರ, ನೂರು, ಹತ್ತು, ಬಿಡಿ ನಾಲ್ಕೂ ಬೇರೆಬೇರೆ ಕಟ್ಟುಗಳಾಗಿ ಉಳಿಯುತ್ತವೆ. ಎಂ, ಸಿ-ಎಂ, ಎಕ್ಸ್-ಸಿ, ಐ-ಎಕ್ಸ್. ಬಾಯಲ್ಲಿ ನಾವು ಹೇಳುವ ಕ್ರಮವೂ ಇದೇ: ಸಾವಿರದ, ಒಂಬೈನೂರ, ತೊಂಬತ್ತ, ಒಂಬತ್ತು. ಸೊನ್ನೆಯನ್ನು ಮಾತಿನಲ್ಲೂ ಹೇಳುವುದಿಲ್ಲ; ಸಾವಿರದ ಒಂಬೈನೂರ ನಾಲ್ಕು ಎನ್ನುತ್ತೇವೆಯೇ ಹೊರತು ನಡುವೆ 'ಸೊನ್ನೆ ಹತ್ತು' ಎಂದು ಯಾರೂ ಸೇರಿಸುವುದಿಲ್ಲ.

ಮೈಕ್ರೋಸಾಫ್ಟ್‌ನ ಎಕ್ಸೆಲ್ ತಯಾರಿಸಿದವರು ಮಾತ್ರ ಎರಡೂ ಕಡೆಯವರನ್ನು ಸಮಾಧಾನ ಮಾಡಿದ್ದಾರೆ. ಅದರಲ್ಲಿ ರೋಮನ್ ಎಂಬ ಹೆಸರಿನ ಒಂದು ಸೂತ್ರವಿದೆ. 499 ಕೊಟ್ಟರೆ ಸಂಪ್ರದಾಯದಂತೆ ಸಿ-ಡಿ-ಎಕ್ಸ್-ಸಿ-ಐ-ಎಕ್ಸ್ ಎಂಬ ಉತ್ತರ ಬರುತ್ತದೆ. ಜೊತೆಗೆ ಇನ್ನೊಂದು ಅಂಕಿ ಕೊಟ್ಟು ಬಿಗಿಯನ್ನು ಹಂತಹಂತವಾಗಿ ಸಡಿಲಿಸಬಹುದು. ಪೂರ್ತಿ ಸಡಿಲಿಸಿದಾಗ ಅದೇ 499 ಬರೀ ಐ-ಡಿ ಆಗುತ್ತದೆ. ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ತೆರೆದಿಟ್ಟುಕೊಳ್ಳುವವರಲ್ಲಿ ಈ ಸೂತ್ರ ಬಳಸಿದವರು ವಿರಳ. ಅದನ್ನು ಯಾಕಿಟ್ಟಿದ್ದಾರೆ ಎಂದು ಬೆರಗಾದವರು ಇರಬಹುದು.

ಬರೆಯುವ ಪ್ರೋಗ್ರಾಂ ಓದುವುದಕ್ಕಿಂತ ಕಷ್ಟವಾಗುವುದು ಇಲ್ಲೇ. ಏಳು ನೋಟುಗಳ ಜೊತೆ ಆರು ಚಿಲ್ಲರೆ ಜೋಡಿಗಳನ್ನೂ ಸೇರಿಸಿ ಹದಿಮೂರರ ಪಟ್ಟಿ ಮಾಡಿಕೊಳ್ಳಬೇಕು: 1000, 900, 500, 400, 100, 90, 50, 40, 10, 9, 5, 4, 1. ಮೇಲಿನಿಂದ ಶುರುಮಾಡಿ ಹಿಡಿಸುವಷ್ಟು ದೊಡ್ಡ ಬೆಲೆಯನ್ನು ತೆಗೆದಿಡುತ್ತ, ಉಳಿದದ್ದಕ್ಕೆ ಮತ್ತೆ ಅದನ್ನೇ ಮಾಡುತ್ತ ಬರಬೇಕು. ಅನುಭವಿ ಕ್ಯಾಷಿಯರ್ ಯೋಚಿಸದೆ ಮಾಡುವುದನ್ನೇ ಕಂಪ್ಯೂಟರಿಗೆ ಬಿಡಿಸಿ ಹೇಳಬೇಕು, ಅಷ್ಟೆ.

ಗಡಿಯಾರದ ನಾಲ್ಕು

ನಿಯಮ ಇಷ್ಟು ಖಚಿತವಾಗಿದ್ದರೆ ಗೋಡೆ ಗಡಿಯಾರಗಳಲ್ಲಿ ನಾಲ್ಕರ ಜಾಗದಲ್ಲಿ ಐ-ವಿ ಬದಲು ಐ-ಐ-ಐ-ಐ ಎಂದು ನಾಲ್ಕು ಗೆರೆ ಇರುವುದೇಕೆ? ಗಡಿಯಾರದ ಊರಾದ ಬೆಂಗಳೂರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಪೀಣ್ಯದ ಮಗ್ಗುಲಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡತೊಡಗಿತು. ಟೈಟನ್ ಕಂಪನಿಯ ಮುಖ್ಯ ಕಚೇರಿ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ.

ಉತ್ತರ ಏನೆಂದರೆ, ನಿಯಮ ಇಷ್ಟು ಖಚಿತವಾದದ್ದು ಬಹಳ ತಡವಾಗಿ. ಚಿಲ್ಲರೆ ಪದ್ಧತಿ ರೋಮನ್ನರಿಗೆ ಗೊತ್ತಿತ್ತು, ಕಡ್ಡಾಯವಾಗಿರಲಿಲ್ಲ. ರೋಮಿನ ಕೊಲೋಸಿಯಂನ ಬಾಗಿಲುಗಳಿಗೆ ಕೆತ್ತಿದ ಅಂಕಿಗಳಲ್ಲಿ 44ನೆಯದು ಎಕ್ಸ್-ಎಲ್-ಐ-ಐ-ಐ-ಐ. ನಲವತ್ತಕ್ಕೆ ಐವತ್ತು ಕೊಟ್ಟು ಹತ್ತು ವಾಪಸ್ ಪಡೆದ ಕಲ್ಲುಕುಟಿಗ ಅದೇ ಬಾಗಿಲಿನ ನಾಲ್ಕಕ್ಕೆ ಒಂದೊಂದೇ ಎಣಿಸಿ ಕೊಟ್ಟಿದ್ದಾನೆ! ಅಂದರೆ ನಾಲ್ಕು ಗೆರೆಯ ನಾಲ್ಕು ತಪ್ಪಲ್ಲ, ಹಳೆಯ ರೂಢಿ. ಗಡಿಯಾರದವರು ಅದನ್ನು ಉಳಿಸಿಕೊಂಡಿದ್ದಾರೆ.

ಯಾಕೆ ಉಳಿಸಿಕೊಂಡರು ಎಂಬುದಕ್ಕೆ ಕತೆಗಳು ಹಲವು. ರೋಮನ್ನರ ದೇವತೆ ಜುಪಿಟರ್‌ನ ಲ್ಯಾಟಿನ್ ಹೆಸರು ಐ-ವಿ ಎಂದೇ ಶುರುವಾಗುವುದರಿಂದ ಅದನ್ನು ಬರೆಯಲು ಅಂಜಿದರು ಎನ್ನುವುದು ಒಂದು. ಯಾವುದೋ ಅರಸನ ಹಟ ಎನ್ನುವುದು ಇನ್ನೊಂದು. ಇವನ್ನೆಲ್ಲ ನಂಬುವುದಕ್ಕಿಂತ ಗಡಿಯಾರದ ಮುಖ ನೋಡುವುದು ಮೇಲು. ನಾಲ್ಕು ಗೆರೆ ಹಾಕಿದರೆ ಒಂದರಿಂದ ನಾಲ್ಕರವರೆಗೆ ಬರೀ ಐ, ಐದರಿಂದ ಎಂಟರವರೆಗೆ ವಿ, ಒಂಬತ್ತರಿಂದ ಹನ್ನೆರಡರವರೆಗೆ ಎಕ್ಸ್, ಮೂರು ಸಮಪಾಲು. ಎದುರಿನ ಎಂಟರ ದಪ್ಪಕ್ಕೆ ನಾಲ್ಕೂ ಸರಿತೂಗುತ್ತದೆ. ಎರಕ ಹೊಯ್ಯುವವನಿಗೆ ಇಪ್ಪತ್ತು ಐ, ನಾಲ್ಕು ವಿ, ನಾಲ್ಕು ಎಕ್ಸ್ ಎಂಬ ಅಚ್ಚುಕಟ್ಟಾದ ಲೆಕ್ಕವೂ ಸಿಗುತ್ತದೆ. ಇಷ್ಟಾಗಿಯೂ ಲಂಡನ್ನಿನ ಬಿಗ್ ಬೆನ್‌ನಲ್ಲಿರುವುದು ಐ-ವಿ. ಮೈಸೂರಿನ ದೊಡ್ಡ ಗಡಿಯಾರಕ್ಕೆ ಈ ತಂಟೆಯೇ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ಆ ಗೋಪುರದ ಮೇಲಿರುವುದು ಕನ್ನಡ ಅಂಕಿಗಳು.

ಇಸವಿ ಬರೆಯುವುದರಲ್ಲೂ ಹೀಗೆ ಎರಡು ಮಾತು ಉಂಟು. ಲಂಡನ್ನಿನ ಅಡ್ಮಿರಾಲ್ಟಿ ಕಮಾನಿನ ಮೇಲೆ 1910ನ್ನು ಎಂ-ಸಿ-ಎಂ-ಎಕ್ಸ್ ಎಂದು ಕೆತ್ತಬಹುದಿತ್ತು. ಕೆತ್ತಿರುವುದು ಎಂ-ಡಿ-ಸಿ-ಸಿ-ಸಿ-ಸಿ-ಎಕ್ಸ್. ಎರಡನ್ನೂ ಎಣಿಸಿದರೆ ಬರುವುದು ಅದೇ 1910.

ಒಂದು ಎಕ್ಸ್, ಹತ್ತು ವರ್ಷ

ನಮ್ಮ ಅಂಕಿಯಲ್ಲಿ 1954 ಬರೆಯಲು ಹೋಗಿ 1944 ಬರೆದರೆ ಪಕ್ಕದವರು ತಕ್ಷಣ ಕೈಹಿಡಿಯುತ್ತಾರೆ. ರೋಮನ್ನಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ 1954ರಲ್ಲಿ ಎಲಿಜಬೆತ್ ಟೇಲರ್ ನಟಿಸಿದ 'ದಿ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್' ಚಿತ್ರ ತೆರೆಗೆ ತಂದಿತು. ಆ ಕಾಲದ ರೂಢಿಯಂತೆ ಹಕ್ಕುಸ್ವಾಮ್ಯದ ವರ್ಷವನ್ನು ಚಿತ್ರದಲ್ಲಿ ರೋಮನ್ ಅಂಕಿಯಲ್ಲಿ ತೋರಿಸಿತು. ಇರಬೇಕಾದದ್ದು ಎಂ-ಸಿ-ಎಂ-ಎಲ್-ಐ-ವಿ. ಬಿದ್ದದ್ದು ಎಂ-ಸಿ-ಎಂ-ಎಕ್ಸ್-ಎಲ್-ಐ-ವಿ. ಎಲ್ ಮುಂದೆ ಒಂದು ಎಕ್ಸ್ ಹೆಚ್ಚಿಗೆ ಬಂದು ಕೂತಿತ್ತು. ಐವತ್ತು ಕೊಡಬೇಕಾದ ಕಡೆ ಐವತ್ತು ಕೊಟ್ಟು ಹತ್ತು ವಾಪಸ್ ಪಡೆದ ಲೆಕ್ಕವಾಯಿತು: 1944.

ಅಂದಿನ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯ 28 ವರ್ಷಕ್ಕೆ ಮುಗಿಯುತ್ತಿತ್ತು, ಮುಗಿಯುವ ಮುನ್ನ ನವೀಕರಿಸಬೇಕಿತ್ತು. ಸ್ಟುಡಿಯೊದವರ ಮನಸ್ಸಿನಲ್ಲಿದ್ದ ಗಡುವು 1982. ಚಿತ್ರದ ಮೇಲೆ ಬರೆದಿದ್ದ ವರ್ಷದಿಂದ ಎಣಿಸಿದರೆ ಗಡುವು 1972. ಆ ವರ್ಷ ನವೀಕರಣವಾಗಲಿಲ್ಲ. ದೊಡ್ಡ ತಾರೆಯರ ದುಬಾರಿ ಚಿತ್ರವೊಂದು ಯಾರು ಬೇಕಾದರೂ ನಕಲು ಮಾಡಿ ಮಾರಬಹುದಾದ ಸಾರ್ವಜನಿಕ ಸೊತ್ತಾಯಿತು.

ಕೂಡುಬರಹಕ್ಕೆ ಚಿಲ್ಲರೆ ನಿಯಮ ಸೇರಿಸಿದ್ದರ ಬೆಲೆ ಇದು. ಬರೀ ಕೂಡುವುದಾಗಿದ್ದರೆ ಹೆಚ್ಚುವರಿ ಎಕ್ಸ್‌ನಿಂದ ಇಸವಿ ಹತ್ತು ವರ್ಷ ಮುಂದಕ್ಕೆ ಹೋಗುತ್ತಿತ್ತು, 1964 ಎಂದು ಓದಿಕೊಳ್ಳುತ್ತಿತ್ತು. 1954ರಲ್ಲೇ ತೆರೆಕಂಡ ಚಿತ್ರದ ಮೇಲೆ ಇನ್ನೂ ಬಾರದ ಇಸವಿ ಇದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ಎಲ್‌ನ ಎಡಕ್ಕೆ ಕೂತಿದ್ದರಿಂದ ಅದೇ ಎಕ್ಸ್ ಹತ್ತು ವರ್ಷ ಹಿಂದಕ್ಕೆ ಎಳೆಯಿತು.

ಐಹೊಳೆಯ ಕಲ್ಲಿನ ಮೇಲೆ

ಕೂಡಿ ಇಸವಿ ಹೇಳುವುದು ಕನ್ನಡ ನೆಲಕ್ಕೆ ಹೊಸದೇನಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಿಕೇಶಿಯ ಆಸ್ಥಾನಕವಿ ರವಿಕೀರ್ತಿ ಬರೆದ ಸಂಸ್ಕೃತ ಶಾಸನವಿದೆ. ಹರ್ಷನನ್ನು ಪುಲಿಕೇಶಿ ಸೋಲಿಸಿದ್ದನ್ನು ಹೇಳುವ ಶಾಸನ ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಅದರ ಕೊನೆಯ ಭಾಗದಲ್ಲಿ ಗುಡಿ ಕಟ್ಟಿದ ಕಾಲವನ್ನು ಕವಿ ಎರಡು ಬಗೆಯಲ್ಲಿ ಹೇಳುತ್ತಾನೆ. ಭಾರತ ಯುದ್ಧದಿಂದ ಎಣಿಸಿದರೆ ಮೂವತ್ತು, ಮೂರು ಸಾವಿರ, ಏಳುನೂರು, ಐದು ವರ್ಷ. ಕೂಡಿದರೆ 3735. ಶಕ ಅರಸರ ಕಾಲದಿಂದ ಎಣಿಸಿದರೆ ಐವತ್ತು, ಆರು, ಐನೂರು. ಕೂಡಿದರೆ ಶಕವರ್ಷ 556. ಅದಕ್ಕೆ 78 ಸೇರಿಸಿದರೆ ಕ್ರಿ.ಶ. 634.

ಮೂವತ್ತು ಮೊದಲು, ಮೂರು ಸಾವಿರ ಆಮೇಲೆ, ಕೊನೆಗೆ ಐದು. ಛಂದಸ್ಸಿಗೆ ಹೊಂದುವಂತೆ ರವಿಕೀರ್ತಿ ಪದಗಳನ್ನು ಎಲ್ಲೆಲ್ಲೋ ಕೂರಿಸಿದ್ದಾನೆ. ಆದರೂ ಲೆಕ್ಕ ಕೆಡುವುದಿಲ್ಲ, ಯಾಕೆಂದರೆ ಪ್ರತಿ ಪದವೂ ತನ್ನ ಬೆಲೆಯನ್ನು ತಾನೇ ಹೊತ್ತಿದೆ. ಅದೇ 556 ರೋಮನ್ನಿನಲ್ಲಿ ಡಿ-ಎಲ್-ವಿ-ಐ: ಐನೂರು, ಐವತ್ತು, ಐದು, ಒಂದು. ಬಾದಾಮಿ ಚಾಲುಕ್ಯರ ಕವಿಯೂ ರೋಮಿನ ಕಲ್ಲುಕುಟಿಗನೂ ಇಸವಿಯ ವಿಷಯದಲ್ಲಿ ಒಂದೇ ದಾರಿ ಹಿಡಿದಿದ್ದರು.

ಅದೇ ಹೊತ್ತಿಗೆ ಈ ದೇಶದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಭೂತಸಂಖ್ಯೆ ಎಂಬ ಪದ್ಧತಿಯಲ್ಲಿ ಚಂದ್ರ ಎಂದರೆ ಒಂದು, ನೇತ್ರ ಎಂದರೆ ಎರಡು, ಗುಣ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು. ಗಗನ ಎಂದರೆ ಸೊನ್ನೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಸಂಖ್ಯೆಗಳನ್ನು ಹೀಗೆ ಪದಗಳಲ್ಲಿ ಪೋಣಿಸಿದ್ದಾನೆ. ಓದುವುದು ಬಲದಿಂದ ಎಡಕ್ಕೆ, ಅಂದರೆ ಮೊದಲು ಹೇಳಿದ್ದು ಬಿಡಿಸ್ಥಾನ, ಆಮೇಲೆ ಹತ್ತು, ನೂರು, ಸಾವಿರ.

ವೈಟ್‌ಫೀಲ್ಡ್ ಮೆಟ್ರೊ ಹೂಡಿಯ ಮೇಲೆ ಓಡತೊಡಗಿದ 2023ನ್ನು ಹೀಗೆ ಬರೆಯುವುದಾದರೆ ಗುಣ-ನೇತ್ರ-ಗಗನ-ನೇತ್ರ. ಇಲ್ಲಿ ನೇತ್ರ ಎರಡು ಸಲ ಬಂದಿದೆ, ಬೆಲೆ ಮಾತ್ರ ಒಂದೇ ಅಲ್ಲ. ಹತ್ತರ ಸ್ಥಾನದ ನೇತ್ರಕ್ಕೆ ಇಪ್ಪತ್ತು, ಸಾವಿರದ ಸ್ಥಾನದ ನೇತ್ರಕ್ಕೆ ಎರಡು ಸಾವಿರ. ಬೆಲೆ ಪದದಲ್ಲಿಲ್ಲ, ಅದು ನಿಂತ ಜಾಗದಲ್ಲಿದೆ. ಇದು 'ಸ್ಥಾನಬೆಲೆ'. ಗುಣ, ನೇತ್ರಗಳನ್ನು ಅದಲುಬದಲು ಮಾಡಿದರೆ 2032 ಆಗಿಬಿಡುತ್ತದೆ. ರವಿಕೀರ್ತಿಗಿದ್ದ ಸ್ವಾತಂತ್ರ್ಯ ಇಲ್ಲಿಲ್ಲ. ಗಗನವನ್ನು ಬಿಟ್ಟುಬಿಟ್ಟರಂತೂ ಉಳಿಯುವುದು ಗುಣ-ನೇತ್ರ-ನೇತ್ರ, 223. ಖಾಲಿ ಜಾಗವನ್ನು ಕಾಯಲು ಸೊನ್ನೆ ಬೇಕೇಬೇಕು. ರೋಮನ್ ಬರಹಕ್ಕೆ ಸೊನ್ನೆಯ ಹಂಗಿಲ್ಲದ್ದು ಅದು ಅಕ್ಷರದ ಬೆಲೆಯನ್ನು ಜಾಗದಿಂದ ಕಟ್ಟದ ಕಾರಣ.

ಸ್ಥಾನಬೆಲೆಯ ಭಾರತೀಯ ಅಂಕಿಗಳು ಅರಬರ ಮೂಲಕ ಯೂರೋಪಿಗೆ ಹೋದವು. 1202ರಲ್ಲಿ ಫಿಬೊನಾಚಿ ಅವನ್ನು ವ್ಯಾಪಾರಿಗಳಿಗೆ ಪರಿಚಯಿಸುವ ದೊಡ್ಡ ಗ್ರಂಥ ಬರೆದ. ಎಲ್ಲರೂ ಬಾಚಿ ತಬ್ಬಿಕೊಳ್ಳಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಈ ಹೊಸ ಅಂಕಿಗಳನ್ನು ಬರೆಯಬಾರದೆಂದು ಕಟ್ಟಳೆ ಮಾಡಿತು. ನೋಟೆಣಿಸಿ ಬದುಕುವವರೇ ಹಳೆಯ ಪದ್ಧತಿಯ ಕೊನೆಯ ಕಾವಲುಗಾರರಾಗಿದ್ದು ಸೋಜಿಗವೇನಲ್ಲ.

ಸಾವಿರದ ನೋಟು ಮುಗಿದ ಮೇಲೆ

ಸ್ಥಾನಬೆಲೆಗೆ ತನ್ನದೇ ಸೋಮಾರಿತನಗಳಿವೆ. ನಾಲ್ಕು ಸ್ಥಾನದ ಇಸವಿಯಲ್ಲಿ ಮೊದಲೆರಡನ್ನು ಬಿಟ್ಟರೂ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಹಳೆಯ ಪ್ರೋಗ್ರಾಮರುಗಳು ಕಂಪ್ಯೂಟರಿನ ಜಾಗ ಉಳಿಸಲು 1999ನ್ನು 99 ಎಂದು ಬರೆದಿಟ್ಟರು. 99ರ ನಂತರ 00 ಬಂದಾಗ ಅದು 1900ವೋ 2000ವೋ ಎಂದು ಯಂತ್ರಕ್ಕೆ ತಿಳಿಯದೆ ಹೋಗಬಹುದು ಎಂಬ ದಿಗಿಲು ಜಗತ್ತಿಗೆಲ್ಲ ಹಬ್ಬಿತು. ವೈಟುಕೆ ಎಂದು ಹೆಸರಾದ ಆ ತೊಂದರೆಯನ್ನು ಸಾಲುಸಾಲಾಗಿ ಹುಡುಕಿ ಸರಿಪಡಿಸುವ ಕೆಲಸ ತೊಂಬತ್ತರ ದಶಕದ ಕೊನೆಯಲ್ಲಿ ಭಾರತದ ಸಾಫ್ಟ್‌ವೇರ್ ಕಂಪನಿಗಳಿಗೆ ಬಂತು. ಬೆಂಗಳೂರಿನ ಐಟಿ ಉದ್ಯಮದ ಭಾಗ್ಯ ಬೆಳೆದದ್ದರಲ್ಲಿ ಆ ಎರಡು ಸೊನ್ನೆಗಳ ಪಾಲೂ ಇದೆ.

ರೋಮನ್ ಅಂಕಿಯ ಗೋಡೆ ಬೇರೆ ಕಡೆ ಇದೆ. ಒಂದೇ ನೋಟನ್ನು ಮೂರಕ್ಕಿಂತ ಹೆಚ್ಚು ಸಲ ಸಾಲಾಗಿ ಇಡಬಾರದು ಎನ್ನುವುದು ಈಗಿನ ರೂಢಿ. ಮೂರು ಸಾವಿರದ ತನಕ ಎಂ-ಎಂ-ಎಂ ನಡೆಯುತ್ತದೆ. ನಾಲ್ಕು ಸಾವಿರವನ್ನು ಚಿಲ್ಲರೆ ನಿಯಮದಲ್ಲಿ ಬರೆಯಲು ಐದು ಸಾವಿರದ ನೋಟು ಬೇಕು, ಏಳು ಅಕ್ಷರಗಳಲ್ಲಿ ಅದು ಇಲ್ಲ. ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದರೆ ಸಾವಿರ ಪಟ್ಟು ಎಂಬ ಉಪಾಯವಿದೆಯಾದರೂ ಕೀಬೋರ್ಡಿನಲ್ಲಿ ಅದು ಬರುವುದಿಲ್ಲ. ಹಾಗಾಗಿ ಲೀಟ್‌ಕೋಡ್‌ನ ಎರಡೂ ಪ್ರಶ್ನೆಗಳ ಅಡಿಯಲ್ಲಿ ಒಂದು ಷರತ್ತು: ಸಂಖ್ಯೆ 1ರಿಂದ 3999ರೊಳಗೆ ಇರುತ್ತದೆ. ಎಕ್ಸೆಲ್‌ನ ಸೂತ್ರಕ್ಕೂ ಮೇಲಿನ ಮಿತಿ ಅದೇ, 4000 ಕೊಟ್ಟರೆ ದೋಷವೆಂದು ಕೂಗುತ್ತದೆ. ಸೊನ್ನೆ ಕೊಟ್ಟರೆ ಕೂಗುವುದಿಲ್ಲ. ಚೌಕವನ್ನು ಖಾಲಿ ಬಿಡುತ್ತದೆ, ಯಾವ ನೋಟನ್ನೂ ಕೊಡಬೇಕಾಗಿಲ್ಲವಾದ್ದರಿಂದ ಆ ಉತ್ತರದಲ್ಲಿ ತಪ್ಪೇನೂ ಇಲ್ಲ.